ಹುಲ್ಲಿನ ಮೇಲಿನ ಕೆಂಪು ಲೈಟು

ನನ್ನ ಪಿಕಪ್ಪಿಗೆ ಬ್ರೇಕ್ ಲೈಟೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಇತ್ತು. ಒಂದಲ್ಲ, ಎರಡಿದ್ದವು. ಎರಡೂ ಹತ್ತುತ್ತಿದ್ದವು. ಇಷ್ಟು ವರ್ಷವಾದ ಮೇಲೂ ಆ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ಮೊದಲು ಹಾಗೆ ಹೇಳಿದವನು ನಮ್ಮೂರಿನ ಒಬ್ಬ ಜೀಪಿನವನು. ಅವನ ಜೀಪಿಗೆ ಹ್ಯಾಂಡ್ ಬ್ರೇಕ್ ಎಂದರೆ ಚಕ್ರದ ಅಡಿಗೆ ಕೊಡುವ ಕಲ್ಲು. ಆ ಕಲ್ಲನ್ನು ಸೀಟಿನ ಕೆಳಗೆ ಇಟ್ಟುಕೊಂಡು ತಿರುಗುವ ಮನುಷ್ಯ ನನ್ನ ಬ್ರೇಕ್ ಲೈಟಿನ ವಿಚಾರಣೆಗೆ ಬಂದಿದ್ದ!

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೆಲಸವಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ನನ್ನ ಮೊಮ್ಮಗಳಿದ್ದಾಳೆ. ಅವಳ ವಿಷಯ ಬಂದರೆ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಮನೆಯವರೆಲ್ಲ ಕೇಳಿ ಕೇಳಿ ಎದ್ದು ಹೋಗುತ್ತಾರೆ. ಕಾಗದ ಎದ್ದು ಹೋಗುವುದಿಲ್ಲ.

ಎರಡು ಸಾವಿರದ ಆರನೇ ಇಸವಿ ಡಿಸೆಂಬರ್. ಮಗಳು ಚೊಚ್ಚಲ ಬಾಣಂತನಕ್ಕೆ ಹಿರೇಕೊಡಿಗೆ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕೊಟ್ಟಿದ್ದು ಶೃಂಗೇರಿ ಕಡೆಯ ಅಡ್ಡಗದ್ದೆಗೆ. ಕೂಸು ಹುಟ್ಟಿ ಹದಿನೈದು ದಿನವಾಗಿತ್ತು. ಆ ದಿನ ನಾನು ನರಸಿಂಹರಾಜಪುರದ ಕಡೆಗೆ ಹೋಗಿ ಪಿಕಪ್ಪಿನಲ್ಲಿ ದನಗಳಿಗೆ ಒಣಹುಲ್ಲು ತುಂಬಿಕೊಂಡು ಬರುತ್ತಿದ್ದೆ. ಹುಲ್ಲು ತುಂಬುವ ರೀತಿ ನಮ್ಮ ಕಡೆಯವರಿಗೆಲ್ಲ ಗೊತ್ತು. ತೂಕವಿಲ್ಲದ ಸಾಮಾನು, ಹಾಗಾಗಿ ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ. ಹಿಂಬದಿಯ ಬಾಗಿಲನ್ನು ಇಳಿಸಿ, ಅದರ ಮೇಲೆಯೂ ಕಂತೆ ಒಟ್ಟಿ, ಹಗ್ಗ ಬಿಗಿದರೆ ಹುಲ್ಲು ಗಾಡಿಯಿಂದ ಎರಡು ಮೊಳ ಆಚೆಗೆ ಜೋಲುತ್ತದೆ. ಗಾಡಿ ಮಾಡಿದ ಪುಣ್ಯಾತ್ಮರು ಹಿಂದಿನ ಲೈಟನ್ನು ಇಟ್ಟಿದ್ದೆಲ್ಲಿ? ಬುಡದಲ್ಲಿ, ಮೊಣಕಾಲೆತ್ತರದಲ್ಲಿ. ಅವರು ಹುಲ್ಲು ತುಂಬಿದ ಗಾಡಿಯನ್ನು ಕಂಡವರೇ ಅಲ್ಲ. ಫೋಟೋ ತೆಗೆಯಲು ಖಾಲಿ ಗಾಡಿ ನಿಲ್ಲಿಸಿದವರು.

ಕೊಪ್ಪ ದಾಟಿ ನಮ್ಮೂರ ರಸ್ತೆಗೆ ತಿರುಗಿದ ಮೇಲೆ ನನ್ನ ಹಿಂದೆ ಒಂದು ಬೈಕು ಬರುತ್ತಿತ್ತು. ಅದು ನನ್ನ ಅಳಿಯ, ಮಗಳನ್ನು ನೋಡಲು ಬರುತ್ತಿದ್ದಾನೆ ಎಂದು ನನಗೆ ಗೊತ್ತಿಲ್ಲ. ಹುಲ್ಲಿನ ಸಂದಿಯಲ್ಲಿ ಏನು ಕಾಣುತ್ತದೆ? ಒಂದು ಕೋಳಿ ಮರಿಗಳ ಸಮೇತ ರಸ್ತೆಗೆ ಇಳಿಯಿತು. ಬ್ರೇಕ್ ತುಳಿದೆ. ಹಿಂದೆ ಧೊಪ್ ಎಂದಿತು.

ಇಳಿದು ಹೋಗಿ ನೋಡಿದರೆ ಬೈಕು ರಸ್ತೆಯಲ್ಲಿ ಮಲಗಿದೆ, ಅಳಿಯ ಸೊಂಟದ ತನಕ ಹುಲ್ಲಿನೊಳಗಿದ್ದಾನೆ. ಹುಲ್ಲಿದ್ದದ್ದರಿಂದ ಬದುಕಿದ. ಗದ್ದ ಮಾತ್ರ ಕಬ್ಬಿಣದ ಬಾಗಿಲಿಗೆ ತಾಗಿ ಒಡೆದಿತ್ತು. ಐದು ಹೊಲಿಗೆ. ಕೂಸಿಗೆಂದು ತಂದಿದ್ದ ಹೊಸ ಲಂಗ ಮಣ್ಣಿನಲ್ಲಿ ಬಿದ್ದಿತ್ತು. ಅಂಥ ಸ್ಥಿತಿಯಲ್ಲೂ ಅವನು ಬಾಯಿ ತುಂಬ ಹುಲ್ಲಿಟ್ಟುಕೊಂಡು ಹೇಳಿದ್ದು ಇಷ್ಟೇ:

“ಮಾವ, ನೀವು ಬ್ರೇಕ್ ಹಾಕಿದ್ದು ಗೊತ್ತೇ ಆಗ್ಲಿಲ್ಲ.”

ಅವನು ಸಾಧು. ಊರು ಸಾಧುವಲ್ಲ. ಮರುದಿನ ಚಾ ಕುಡಿಯಲು ಹೋದರೆ ಅಂಗಡಿಯವನು ಲೋಟ ಇಡುವ ಮೊದಲೇ ಶುರು ಮಾಡಿದ. “ಏನು ಗೌಡ್ರೇ, ಕೂಸು ನೋಡಕ್ಕೆ ಬಂದ ಅಳಿಯಂಗೆ ಹುಲ್ಲು ತಿನ್ಸಿ ಕಳ್ಸಿದ್ರಂತಲ್ಲ?”

ಬೆಂಚಿನಲ್ಲಿದ್ದ ಜೀಪಿನವನು ಆಗ ಹೇಳಿದ ಮಾತೇ ಅದು. “ಬ್ರೇಕ್ ಲೈಟ್ ಇಲ್ದೆ ಓಡ್ಸಿದ್ರೆ ಇನ್ನೆಂತ ಆಗ್ತದೆ ಮಾರಾಯ್ರೇ.”

ನಾನು ಚಾ ಕುಡಿಯದೆ ಎದ್ದು ಬಂದೆ. ಆಮೇಲೆ ಎರಡು ತಿಂಗಳು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಹತ್ತುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಮನೆಯಲ್ಲಿ ಕೂಸಿತ್ತು. ಅದರ ಕಿವಿ ನೋಡಬೇಕಿತ್ತು ನೀವು. ಕೆಸುವಿನ ಎಳೆ ಎಲೆಯ ಹಾಗೆ ಅಂಚು ಸುರುಳಿಕೊಂಡಿತ್ತು. ಆಕಳಿಸಿದರೆ ಇಡೀ ಮುಖವೇ ಬಾಯಾಗುತ್ತಿತ್ತು. ತೊಟ್ಟಿಲ ಬಳಿ ಹೋಗಿ ನಾನು ಕೆಮ್ಮಿದರೆ ಕಣ್ಣು ಈ ಕಡೆ ತಿರುಗುತ್ತಿತ್ತು. ಹೆಂಡತಿ ಹೇಳುತ್ತಿದ್ದಳು, ಎಲ್ಲ ಕೂಸುಗಳೂ ಹಾಗೇ ಮಾಡುತ್ತವೆ ಎಂದು. ಇರಲಿಕ್ಕಿಲ್ಲ. ನನ್ನ ಮಗಳು ಹುಟ್ಟಿದಾಗ ನಾನು ತೋಟ, ಗದ್ದೆ ಎಂದು ತಿರುಗುತ್ತಿದ್ದವನು, ಒಂದನ್ನೂ ಕಣ್ಣಿಟ್ಟು ನೋಡಿದವನಲ್ಲ. ಆಗಿನದನ್ನೂ ಸೇರಿಸಿ ಈಗ ನೋಡುತ್ತಿದ್ದೆ.

ಮೂರು ತಿಂಗಳಿಗೆ ಮಗಳನ್ನೂ ಕೂಸನ್ನೂ ಅಡ್ಡಗದ್ದೆಗೆ ಕಳಿಸುವ ದಿನ ಗೊತ್ತಾಯಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಗಳ ಮೊದಲ ಕೂಸಿನ ಜೊತೆಗೆ ಕರು ಹಾಕಿದ ಹಸುವನ್ನು ಕೊಟ್ಟು ಕಳಿಸುತ್ತೇವೆ. ಹಸುವಿನ ಸಂಗಡ ಅದಕ್ಕೆ ಒಂದಷ್ಟು ದಿನಕ್ಕಾಗುವ ಹುಲ್ಲನ್ನೂ ಕೊಡಬೇಕು. ಹುಲ್ಲಿಲ್ಲದೆ ಬರೀ ಹಸುವನ್ನು ಇನ್ನೊಬ್ಬರ ಕೊಟ್ಟಿಗೆಗೆ ಹೊಡೆಯುವುದು ಮರ್ಯಾದೆಯಲ್ಲ. ಅಲ್ಲಿ ಹಸು ಮೊದಲು ಅಂಗಳಕ್ಕೆ ಇಳಿಯಬೇಕು, ಅದರ ಬೆನ್ನಿಗೇ ಕೂಸಿನ ಸಮೇತ ಬಾಣಂತಿ ಇಳಿಯಬೇಕು. ನನ್ನ ಅಜ್ಜ ಇದನ್ನು ಎತ್ತಿನ ಗಾಡಿಯಲ್ಲಿ ಮಾಡಿದ್ದರು. ನಾನು ಪಿಕಪ್ಪಿನಲ್ಲಿ ಮಾಡುವವನು. ಅಂದರೆ ನನ್ನ ಗಾಡಿ ಮುಂದೆ, ಅಳಿಯ ತನ್ನ ಅಣ್ಣನ ಜೀಪಿನಲ್ಲಿ ಮಗಳನ್ನೂ ಕೂಸನ್ನೂ ಕೂರಿಸಿಕೊಂಡು ಹಿಂದೆ.

ನಾನು ಇದನ್ನು ಖುಷಿಯಿಂದ ಹೇಳುತ್ತಿದ್ದರೆ ಮಗಳು ಕೂಸಿಗೆ ಎಣ್ಣೆ ತಿಕ್ಕುತ್ತಾ ತಲೆ ಎತ್ತದೆಯೇ ಹೇಳಿದಳು:

“ನಾನು ಬರಲ್ಲ ಅಪ್ಪಯ್ಯ.”

“ಎಂತಕ್ಕೆ ಬರಲ್ಲ?”

“ಕೂಸನ್ನ ಕಟ್ಕೊಂಡು ನಿನ್ನ ಹುಲ್ಲಿನ ಹಿಂದೆ ಬರ್ಲಾ? ಅವರ ಗದ್ದ ನೋಡಿದ್ಯಲ್ಲ. ಅವರು ಹೆಲ್ಮೆಟ್ ಹಾಕಿದ್ರು. ಇದಕ್ಕೆ ಎಂತ ಹಾಕ್ಲಿ, ಕುಲಾವಿಯಾ?”

“ಹಾಗಾದ್ರೆ ನಾನು ಒಂದು ಗಂಟೆ ಮೊದ್ಲೇ ಹೊರಡ್ಲಾ? ಹಸು ಒಬ್ಬಳೇ ಹೋಗಿ ಅಂಗಳದಲ್ಲಿ ಕಾಯ್ಲಾ?”

“ಅದೆಲ್ಲ ನಂಗೊತ್ತಿಲ್ಲ. ನೀನು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಕಾಣಂಗೆ ಮಾಡು. ಆಮೇಲೆ ಮಾತಾಡು.”

ಮೂರು ತಿಂಗಳ ಹಿಂದೆ ಹೆತ್ತವಳು ನನಗೆ ಗಾಡಿ ಓಡಿಸುವುದನ್ನು ಹೇಳಿಕೊಡುವುದೇ! ಬ್ರೇಕ್ ಲೈಟ್ ಎರಡಿವೆ, ಎರಡೂ ಹತ್ತುತ್ತವೆ, ಬಾ ತೋರಿಸುತ್ತೇನೆ ಎಂದು ಕೂಗಾಡಿದೆ. ಅವಳು ಬರಲಿಲ್ಲ. ಹೆಂಡತಿಯನ್ನು ಎಳೆದುಕೊಂಡು ಹೋಗಿ ಪಿಕಪ್ಪಿನಲ್ಲಿ ಕೂರಿಸಿದೆ. ಆ ಹೊತ್ತಿಗೆ ಗಾಡಿಯಲ್ಲಿ ಹಿಂದಿನ ದಿನ ತಂದ ಹುಲ್ಲಿತ್ತು, ಇನ್ನೂ ಇಳಿಸಿರಲಿಲ್ಲ.

“ಯಾವ್ದು ತುಳೀಬೇಕು? ಮಧ್ಯದ್ದಾ?” ಎಂದಳು.

“ಮಧ್ಯದ್ದೇ. ತುಳಿ.”

“ತುಳ್ದಿದೀನಿ.”

“ಗಟ್ಟಿ ತುಳಿ!”

“ಇನ್ನೆಷ್ಟು ತುಳೀಲಿ? ಕಾಲು ಆಚೆ ಹೋಗ್ತದೆ ಈಗ!”

ನಾನು ಹಿಂದೆ ಹತ್ತು ಮಾರು ದೂರದಲ್ಲಿ ನಿಂತಿದ್ದೆ. ಹುಲ್ಲು ಕಂಡಿತು. ಹಗ್ಗ ಕಂಡಿತು. ಕೆಂಪು ಎನ್ನುವುದು ಒಂದು ಚೂರೂ ಕಾಣಲಿಲ್ಲ. ಬಗ್ಗಿ, ಹುಲ್ಲನ್ನು ಕೈಯಲ್ಲಿ ಸರಿಸಿದರೆ ಒಳಗೆ ಎರಡೂ ಲೈಟು ಚೆನ್ನಾಗಿಯೇ ಹತ್ತಿಕೊಂಡಿವೆ, ಯಾರಿಗೂ ಬೇಡದ ಹಾಗೆ.

ಎಷ್ಟು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಹುಲ್ಲು ತುಂಬಿದ ನನ್ನ ಗಾಡಿ ಬ್ರೇಕ್ ಹಾಕುವುದನ್ನು ನಾನು ಹಿಂದೆ ನಿಂತು ನೋಡಿದ್ದು ಅದೇ ಮೊದಲು. ನೋಡುವುದಾದರೂ ಹೇಗೆ, ನಾನು ಯಾವಾಗಲೂ ಮುಂದೆ ಇರುವವನು. ಸೊಪ್ಪು ತುಂಬಿದ್ದೇನೆ, ಒಣಗಿದ ಎಲೆಯ ದರಗು ತುಂಬಿದ್ದೇನೆ, ಅಡಿಕೆ ಹಾಳೆ ತುಂಬಿದ್ದೇನೆ. ಎಲ್ಲವೂ ಹೀಗೇ ಜೋಲುವ ಸಾಮಾನು. ಹಿಂದೆ ಬಂದವರು ಬೈಕಿನಲ್ಲಿ ಮುಂದೆ ಒಂದು ಕೂಸು ಕೂರಿಸಿಕೊಂಡಿದ್ದರೋ ಏನೋ. ಅವರೆಲ್ಲ ಯಾವ ಪುಣ್ಯದಿಂದ ಉಳಿದರು? ಇಷ್ಟು ದಿನ ಊರ ಮೇಲಿದ್ದ ಸಿಟ್ಟು ಅಲ್ಲಿ ನಿಂತಲ್ಲೇ ತಿರುಗಿ ನನ್ನ ಮೇಲೇ ಬಂತು. ಆದರೆ ಅದನ್ನು ಹೆಂಡತಿಗೆ ಹೇಳುವುದುಂಟೇ? “ಇಳಿ, ಸಾಕು” ಎಂದೆ.

ಮರುದಿನವೇ ಹುಲ್ಲು ಇಳಿಸಿ ಕೊಪ್ಪಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಇದ್ದ. ಬಾಯಿ ದೊಡ್ಡದು, ಕೆಲಸವೂ ಪರವಾಗಿಲ್ಲ ಎಂದು ಹೆಸರು. ನಮ್ಮ ಪಿಕಪ್ಪಿನ ಕಬ್ಬಿಣದ ತೊಟ್ಟಿಯ ಮೇಲೆ ಊರಿನ ಆಚಾರಿ ಮರದ ಕಂಬ ನಿಲ್ಲಿಸಿ ಹಲಗೆ ಹೊಡೆದು ಆಳೆತ್ತರ ಮಾಡಿದ್ದ. ಹಿಂದಿನ ಎರಡು ಕಂಬಗಳ ನೆತ್ತಿಗೆ ಒಂದು ಅಡ್ಡಪಟ್ಟಿ ಇತ್ತು. ಹುಲ್ಲು ಅದರ ಕೆಳಗಿನಿಂದ ಜೋಲುತ್ತದೆ, ಅದನ್ನು ಮುಚ್ಚುವುದಿಲ್ಲ. ಅಲ್ಲಿ ಇನ್ನೊಂದು ಬ್ರೇಕ್ ಲೈಟು ಕೂರಿಸಿಕೊಡು ಎಂದೆ.

“ಮೇಲೆ ಎಂತಕ್ಕೆ ಗೌಡ್ರೇ? ವಿಮಾನಕ್ಕೆ ತೋರ್ಸಕ್ಕಾ?”

“ಹಿಂದೆ ನನ್ನ ಮೊಮ್ಮಗಳು ಬರ್ತಾಳೆ ಮಾರಾಯ.”

“ಓಹೋ. ಅಜ್ಜ ಆದ ಮೇಲೆ ಹೆದರಿಕೆ ಶುರುವಾಯ್ತು ಅನ್ನಿ.”

ನಗುತ್ತಲೇ ಕೆಲಸ ಮಾಡಿದ. ಕೆಳಗಿನ ಬ್ರೇಕ್ ಲೈಟಿನ ವೈರಿಗೆ ಇನ್ನೊಂದು ವೈರು ಹೊಂದಿಸಿ, ಕಂಬದ ಗುಂಟ ಮೇಲಕ್ಕೆ ಹತ್ತಿಸಿ ಹೊಸ ಲೈಟಿಗೆ ಕೊಟ್ಟ. ಲೈಟಿನಿಂದ ಇನ್ನೊಂದು ವೈರನ್ನು ಕೆಳಗಿಳಿಸಿ ಕಂಬದ ಬುಡದಲ್ಲಿದ್ದ ಬೋಲ್ಟಿಗೆ ಸುತ್ತಿದ. ಬ್ರೇಕ್ ತುಳಿದ. ನಾನು ಹಿಂದೆ ನಿಂತು ನೋಡಿದೆ. ದಾಸವಾಳದ ಹಾಗೆ ಹತ್ತಿತು! ನಾನು ಅಲ್ಲೇ ಇದ್ದವರಿಗೆಲ್ಲ ಕರೆದು ತೋರಿಸಿದೆ. ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೂ ತೋರಿಸಿ, ಕೂಸಿನ ಕಿವಿಯ ವಿಷಯವನ್ನೂ ಹೇಳಿದೆ. ಅವಳು ಪಾಪ, ಹೌದಾ ಎಂದಳು.

ಮನೆಗೆ ಬಂದು, ಮಗಳಿಗೆ ತೋರಿಸುವ ಮೊದಲು ಹುಲ್ಲು ತುಂಬಿಯೇ ನೋಡಿಬಿಡೋಣ ಎಂದು ತುಂಬಿದೆ. ಹಗ್ಗ ಬಿಗಿದೆ. ಹೆಂಡತಿ ಹತ್ತಿ ತುಳಿದಳು. ಲೈಟು ಹತ್ತಲಿಲ್ಲ. ಇನ್ನೊಮ್ಮೆ ತುಳಿದಳು. ಇಲ್ಲ. ಹುಲ್ಲು ಸರಿಸಿ ನೋಡಿದರೆ ಬುಡದ ಹಳೆಯ ಎರಡು ಹತ್ತಿವೆ, ಮೇಲಿನ ಹೊಸದು ಮಾತ್ರ ಸತ್ತು ಮಲಗಿದೆ.

ಕಳಿಸುವ ದಿನಕ್ಕೆ ಇನ್ನು ಎರಡೇ ದಿನ. ಜಗಲಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಗಳು ತಿರುಗಿ ಒಳಗೆ ಹೋದಳು. ಅವಳು ನಾಲ್ಕು ಬೈದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಹೆಂಡತಿಯನ್ನು ಇಳಿಯಲು ಬಿಡದೆ ಪಕ್ಕದ ಸೀಟಿಗೆ ಸರಿಸಿ, ಹುಲ್ಲಿನ ಸಮೇತ ಹಾಗೇ ಕೊಪ್ಪಕ್ಕೆ ಹೊಡೆದೆ. “ಮೈ ಮೇಲೆ ಕೆಲ್ಸದ ಸೀರೆ ಇದೆ, ಹೋಯ್, ನಿಲ್ಸಿ!” ಎಂದು ಅವಳು ಅರ್ಧ ದಾರಿ ಕೂಗಿದಳು. ನಿಲ್ಲಿಸಲಿಲ್ಲ.

ವೈರಿಂಗಿನವನು ಗಾಡಿ ನೋಡಿದವನೇ ಹೇಳಿದ. “ಬೆಳಿಗ್ಗೆ ಹತ್ತಿತ್ತಲ್ಲ. ನೀವೇ ಊರಿಗೆಲ್ಲ ತೋರ್ಸಿದ್ರಿ.”

“ಈಗ ಹತ್ತೋದಿಲ್ಲ.”

“ಹುಲ್ಲು ಇಳ್ಸಿ, ನೋಡಾಣ.”

“ಹುಲ್ಲು ಇದ್ದಾಗ ಹತ್ಬೇಕು ಅಂತಲೇ ಅಲ್ವನಾ ಇದನ್ನ ಹಾಕ್ಸಿದ್ದು? ಖಾಲಿ ಗಾಡಿಗೆ ನಂಗೆ ಲೈಟು ಎಂತಕ್ಕೆ?”

“ಲೈಟಿಗೆ ಹುಲ್ಲು ತುಂಬಿದ್ದು ಗೊತ್ತಾಗ್ತದಾ ಗೌಡ್ರೇ? ಬಲ್ಬು ಹೋಗಿರ್ತದೆ ಬಿಡಿ.”

ಬಲ್ಬು ಬದಲಿಸಿದ. ಹತ್ತಲಿಲ್ಲ. ಸುತ್ತ ಜನ ಸೇರಿದರು. ಹುಲ್ಲು ಮೇಯುವ ಲೈಟು ಎಂದನೊಬ್ಬ. ಗೌಡರ ಮನೆಯವರು ಸರಿಯಾಗಿ ತುಳಿಯುತ್ತಿಲ್ಲ ಎಂದನೊಬ್ಬ. ಅದಕ್ಕೆ ಹೆಂಡತಿ ಕಿಟಕಿಯಿಂದ ತಲೆ ಹಾಕಿ, “ಬಾ, ನೀನೇ ತುಳಿ ಬಾ” ಎಂದಳು. ವೈರಿಂಗಿನವನು ಕೈ ಒರೆಸಿಕೊಳ್ಳುತ್ತಾ, ನಿಮ್ಮ ಗಾಡಿಯದೇ ಏನೋ ದೋಷ, ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ಬಿಟ್ಟ. ನನಗೆ ತಡೆಯಲಾಗಲಿಲ್ಲ. ಅವನಿಗೆ ಹೊಡೆಯುವ ಹಾಗಿಲ್ಲವಲ್ಲ, ಹಿಂದಿನ ಕಂಬಕ್ಕೆ ಬಲವಾಗಿ ಒಂದು ಗುದ್ದಿದೆ.

ಲೈಟು ಹತ್ತಿತು.

ಕೈ ತೆಗೆದೆ. ಆರಿತು.

“ನೋಡಿ, ಸರಿಯಾಯ್ತು!” ಎಂದ ಅವನು.

“ಸರಿಯಾಯ್ತಾ? ಬ್ರೇಕ್ ಹಾಕ್ದಾಗೆಲ್ಲ ನಾನು ಇಳ್ದು ಬಂದು ಗುದ್ಬೇಕಾ?”

ಜನ ನಕ್ಕ ನಗೆ ಅವನಿಗೆ ತಾಗಿತು. ಆಗಲೇ ಅವನು ಬಾಯಿ ಮುಚ್ಚಿ ಬಗ್ಗಿ ನೋಡಿದ್ದು. ನಾನೂ ಬಗ್ಗಿದೆ. ಕರೆಂಟು ಲೈಟಿಗೆ ಹೋದರೆ ಸಾಲದು, ವಾಪಸು ಹೋಗಲು ಅದಕ್ಕೆ ಗಾಡಿಯ ಕಬ್ಬಿಣದ ದಾರಿ ಬೇಕು. ಅರ್ತ್ ಎನ್ನುತ್ತಾರೆ. ನಮ್ಮ ಟಿಲ್ಲರಿನ ಲೈಟು ರಿಪೇರಿ ಮಾಡುವಾಗ ನಾನೂ ಅಷ್ಟು ಕಲಿತಿದ್ದೆ. ಇವನು ಕೆಲಸ ಮಾಡಿದ್ದೆಲ್ಲ ಬಸ್ಸು, ಲಾರಿ, ಕಬ್ಬಿಣದ ಬಾಡಿ. ಎಲ್ಲಿ ಬೋಲ್ಟು ಸಿಕ್ಕಿದರೆ ಅಲ್ಲಿ ವೈರು ಸುತ್ತಿದರೆ ಮುಗಿಯಿತು. ನಮ್ಮ ಗಾಡಿಯ ಬೋಲ್ಟು ಇರುವುದು ಮರದ ಕಂಬದಲ್ಲಿ. ಗಾಡಿ ಖಾಲಿ ಇದ್ದಾಗ ಕಂಬ ನೆಟ್ಟಗೆ ನಿಂತು ಬೋಲ್ಟಿನ ತುದಿ ಕಬ್ಬಿಣದ ತೊಟ್ಟಿಗೆ ತಾಗಿಕೊಂಡಿರುತ್ತದೆ. ಹುಲ್ಲು ಒತ್ತಿ ತುಂಬಿದರೆ ಕಂಬ ಒಂದು ಬೆರಳಿನಷ್ಟು ಹೊರಗೆ ವಾಲುತ್ತದೆ. ಬೋಲ್ಟು ಕಬ್ಬಿಣ ಬಿಡುತ್ತದೆ, ಲೈಟು ಸಾಯುತ್ತದೆ. ಅಂದರೆ, ಲೈಟು ಬೇಡದಾಗ ಹತ್ತುತ್ತದೆ, ಬೇಕಾದಾಗ ಆರುತ್ತದೆ! ಇದನ್ನು ನಂಬಿಕೊಂಡು ನಾನು ಹೊರಟಿದ್ದರೆ? ಬೆಳಿಗ್ಗೆ ಖಾಲಿ ಗಾಡಿಯಲ್ಲೇ ಮಗಳಿಗೆ ತೋರಿಸಿ, ಅವಳು ಒಪ್ಪಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಬಂದಿದ್ದರೆ? ನನಗೆ ಇನ್ನೂ ಜಾಸ್ತಿ ಕಾವೇರಿತು.

“ಮರದಲ್ಲಿ ಕರೆಂಟು ಹೋಗ್ತದನಾ? ಯಾವ ಶಾಲೆಲಿ ಕಲ್ತೆ ನೀನು? ನಾನು ನಾಲ್ಕನೇ ಕ್ಲಾಸು, ನಂಗೇ ಗೊತ್ತು!”

“ಬೈಬೇಡಿ ಗೌಡ್ರೇ,” ಎಂದ. ಮೊದಲ ಸಲ ಅವನ ದನಿ ಇಳಿದಿತ್ತು. “ನಂಗೆ ಹೊಳೀಲಿಲ್ಲ. ಬಿಡಿ, ಮಾಡ್ತೀನಿ.”

ಮಾಡಿದ, ಅದನ್ನೂ ಹೇಳಬೇಕು. ಲೈಟಿನಿಂದ ಬೇರೆಯೇ ಒಂದು ವೈರನ್ನು ಗಾಡಿಯ ಅಡಿಯ ಕಬ್ಬಿಣದ ಚಾಸಿಯ ತನಕ ಇಳಿಸಿದ. ಕಂಬ ವಾಲಿದರೆ ವೈರು ಬಿಗಿದು ಕಿತ್ತುಹೋಗಬಾರದು ಎಂದು ಒಂದು ಸುತ್ತು ಸಡಿಲ ಬಿಟ್ಟ. ಚಾಸಿಯ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದು, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಮೆತ್ತಿದ. ದನ ನೆಕ್ಕಿ ಎಳೆಯಬಾರದು ಎಂದು ವೈರನ್ನೆಲ್ಲ ಪೈಪಿನೊಳಗೆ ತೂರಿಸಿದ. ಹೆಂಡತಿ ತುಳಿದಳು. ಹುಲ್ಲು ತುಂಬಿದ ಗಾಡಿಯ ನೆತ್ತಿಯ ಮೇಲೆ ಲೈಟು ಹತ್ತಿತು. ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ನಾಲ್ಕು ಜನರನ್ನು ಕರೆದು ಕಂಬವನ್ನು ಆ ಕಡೆ ಈ ಕಡೆ ನೂಕಿಸಿದೆ. ಹುಲ್ಲಿನ ಮೇಲೆ ಹತ್ತಿ ಕುಣಿದೆ. ಆರಲಿಲ್ಲ.

“ಇಷ್ಟೆಲ್ಲ ಪರೀಕ್ಷೆ ನಾನೂ ಬರೀಲಿಲ್ಲ ಮಾರಾಯ್ರೇ,” ಎಂದ ವೈರಿಂಗಿನವನು. “ಕೂಸಿನ ಹೆಸರೆಂತ ಇಟ್ರಿ?”

ಹೇಳಿದೆ. ಅವಳ ಕಿವಿಯನ್ನೂ ಹೇಳಿದೆ. ಬೈದದ್ದು ಸ್ವಲ್ಪ ಜಾಸ್ತಿಯಾಯಿತೇನೋ ಎಂದು ಅನಿಸಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ದಣಪೆಯ ಗೇಟು ದಾಟಿ ರಸ್ತೆಗೆ ಹೋಗಿ ನಿಂತಳು. ಹತ್ತು ಮಾರು, ಇಪ್ಪತ್ತು ಮಾರು, ಆಮೇಲೆ ಇನ್ನೂ ಹಿಂದೆ, ತಿರುವಿನ ತನಕ. “ಅಮ್ಮಾ, ತುಳಿ!” “ಬಿಡು!” “ತುಳಿ!” ಅಲ್ಲಿಂದಲೇ ಕೂಗಿ ಹೇಳಿದಳು:

“ಕಾಣತ್ತೆ ಅಪ್ಪಯ್ಯ. ನಾನು ಬರ್ತೀನಿ.”

ನಾನು ಮುಖ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ.

ಹೊರಟ ಬೆಳಿಗ್ಗೆ ಮಂಜು ಬಿದ್ದಿತ್ತು. ಎದುರಿನ ಗಾಡಿ ಹತ್ತಿರ ಬಂದ ಮೇಲೆಯೇ ಕಾಣಬೇಕು, ಹಾಗೆ. ನಮ್ಮದು ಗಿಡ್ಡ ತಳಿಯ ಹಸು. ಅದೂ ಕರುವೂ ಗಾಡಿಯ ಮುಂಭಾಗದಲ್ಲಿ ಹಲಗೆಯ ಆಚೆಗೆ ನಿಂತಿದ್ದವು, ಹಿಂದೆ ಹುಲ್ಲು ಜೋಲುತ್ತಿತ್ತು. ಕೊಪ್ಪ ದಾಟಿ ಶೃಂಗೇರಿ ರಸ್ತೆಯಲ್ಲಿ ಒಂದು ತಿರುವಿಗೆ ಬಂದಾಗ ಎದುರಿನಿಂದ ಬಸ್ಸೊಂದು ರಸ್ತೆಯ ನಡುವಿನಲ್ಲೇ ನುಗ್ಗಿತು. ಹಾರನ್ ಇಲ್ಲ, ಏನಿಲ್ಲ. ನಾನು ಪೂರ್ತಿ ಬ್ರೇಕ್ ತುಳಿದು ನಿಲ್ಲಿಸಿದೆ. ಹಸು ಮುಂದಕ್ಕೆ ಮುಗ್ಗರಿಸಿ ಸುಧಾರಿಸಿಕೊಂಡಿತು. ನಾನು ಸ್ಟಿಯರಿಂಗ್ ಹಿಡಿದು, ಹಿಂದಿನ ಸದ್ದಿಗೆ ಕಾದೆ.

ಸದ್ದಾಗಲಿಲ್ಲ.

ಬಸ್ಸಿನವನಿಗೆ ಬಾಯಿಗೆ ಬಂದಿದ್ದೆಲ್ಲ ಬೈದು, ಇಳಿದು ಹಿಂದಕ್ಕೆ ಓಡಿದೆ. ಜೀಪು ಎರಡು ಗಾಡಿ ಹಿಡಿಯುವಷ್ಟು ಜಾಗ ಬಿಟ್ಟು ನಿಂತಿತ್ತು. ಅಳಿಯ ಗದ್ದ ಸವರಿಕೊಳ್ಳುತ್ತಾ, “ಲೈಟು ತಿರುವಿನಲ್ಲೇ ಕಂಡಿತು ಮಾವ, ನಿಮಗಿಂತ ಮೊದ್ಲು ನಾನು ನಿಲ್ಸಿದೆ” ಎಂದ. ಮಗಳು ಮಾತ್ರ ನಗುತ್ತಿದ್ದಳು.

“ಅಪ್ಪಯ್ಯ, ಇದು ನೋಡು. ನೀನು ಬ್ರೇಕ್ ತುಳಿದಾಗೆಲ್ಲ ಆ ಕೆಂಪು ಲೈಟು ನೋಡಿ ಕಾಲು ಬಡೀತಾಳೆ. ಮನೆಯಿಂದ ಇದೇ ಕೆಲಸ.”

ಮಡಿಲಿನಲ್ಲಿ ಕೂಸು ಕಣ್ಣು ಅಗಲ ಮಾಡಿಕೊಂಡು ನನ್ನ ಗಾಡಿಯ ನೆತ್ತಿಯನ್ನೇ ನೋಡುತ್ತಿತ್ತು. ಲೈಟು ಆರಿದ್ದಕ್ಕೆ ಬಾಯಿ ಸೊಟ್ಟ ಮಾಡಲು ಶುರು ಮಾಡಿತ್ತು. ಅಳಿಸಲಿಕ್ಕೆ ನಾನೇನು ಕಟುಕನೇ? ಓಡಿ ಹೋಗಿ ಸೀಟಿನಲ್ಲಿ ಕೂತು ಬ್ರೇಕ್ ತುಳಿದೆ.

ಅಲ್ಲಿಂದ ಅಡ್ಡಗದ್ದೆಯ ತನಕ ನೆಟ್ಟಗಿನ ರಸ್ತೆ ಸಿಕ್ಕಿದಲ್ಲೆಲ್ಲ, ಗಾಡಿ ನಿಲ್ಲದಷ್ಟು, ಲೈಟು ಹತ್ತುವಷ್ಟು, ಕಾಲಿನ ಹೆಬ್ಬೆರಳಿನಲ್ಲಿ ಬ್ರೇಕನ್ನು ಮುಟ್ಟುತ್ತಾ ಹೋದೆ. ಅಂಗಳದಲ್ಲಿ ಹುಲ್ಲು ಸರಿಸಿ ದಾರಿ ಮಾಡಿದ ಮೇಲೆ ಹಸು ಇಳಿಯಿತು, ಅದರ ಬೆನ್ನಿಗೇ ಮಗಳೂ ಕೂಸೂ ಇಳಿದರು. ಅಳಿಯ ಜೀಪಿನಿಂದ ಇಳಿದವನೇ ತನ್ನ ಅಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು:

“ಮಾವನಿಗೆ ಬ್ರೇಕ್ ಹಾಕೋ ಹುಚ್ಚು ಹಿಡಿದಿದೆ ಮಾರಾಯ. ಖಾಲಿ ರಸ್ತೇಲಿ ಸುಮ್ನೆ ಸುಮ್ನೆ ತುಳೀತಾರೆ. ಓಡ್ಸಕ್ಕೆ ಬರತ್ತೋ ಇಲ್ವೋ.”

ಓಡಿಸಲು ಬರುತ್ತದೋ ಇಲ್ಲವೋ! ನನಗೆ!